ಕತ್ತೆ ಎಂದರೆ ಕಂದ

ಲಾಂಡ್ರಿಯವರ ಮನೆತನದಲ್ಲಿ ಯಾರನ್ನಾದರೂ ಒಳ್ಳೆಯ ಮಾತಿನಿಂದ ಕರೆದರೆ ಆವತ್ತು ಅವರ ಗ್ರಹಚಾರ ಕೆಟ್ಟಿದೆ ಎಂದೇ ಲೆಕ್ಕ. ಊರಿನ ಮಿಕ್ಕ ಮಕ್ಕಳೆಲ್ಲ ಚಿನ್ನ, ಪುಟ್ಟ, ಮುದ್ದು, ಬಂಗಾರ ಎನಿಸಿಕೊಂಡು ಬೆಳೆಯುವಾಗ ಆ ಮನೆಯ ಮಕ್ಕಳು ಗೂಬೆ, ಕೋತಿ, ಪೀಡೆ, ಮಂಕುದಿಣ್ಣೆ, ಬೆಪ್ಪುತಕ್ಕಡಿ ಎನಿಸಿಕೊಂಡು ಬೆಳೆದವು. ಚೆನ್ನಾಗಿಯೇ ಬೆಳೆದವು ಎನ್ನಿ. ಯಾವುದಕ್ಕೂ ಕೊರತೆ ಇರಲಿಲ್ಲ, ಬೈಗುಳಕ್ಕಂತೂ ಮೊದಲೇ ಇರಲಿಲ್ಲ.

ಲಾಂಡ್ರಿಯವರು ಚಿಕ್ಕವರಿದ್ದಾಗ ಅವರ ಅಪ್ಪ ಇದೇ ಅಂಗಡಿಯಲ್ಲಿ ಇದ್ದಿಲಿನ ಇಸ್ತ್ರಿಪೆಟ್ಟಿಗೆ ಹಿಡಿದು ನಿಂತಿರುತ್ತಿದ್ದರು. ಸ್ಕೂಲು ಬಿಟ್ಟು ಬಂದ ಮಗನಿಗೆ ‘ಬಂದ್ಯಾ ದರಿದ್ರ, ಏನಾದ್ರೂ ತಿಂದ್ಯಾ’ ಎಂದು ಕೇಳಿದರೆ ಅಪ್ಪ ಸಂತೋಷವಾಗಿದ್ದಾರೆ ಎಂದು ಅರ್ಥ. ಮಳೆಯಲ್ಲಿ ನೆನೆದು ಬಂದರೆ ಅಮ್ಮ ಆಗತಾನೇ ಇಸ್ತ್ರಿ ಮಾಡಿದ ಯಾರದೋ ಟವೆಲು ಎಳೆದು, ‘ಗೂಬೆ, ತೊಪ್ಪೆಯಾಗಿದೀಯಲ್ಲೋ’ ಎನ್ನುತ್ತ ತಲೆ ಒರೆಸುತ್ತಿದ್ದಳು. ಆ ಬಿಸಿ ಟವೆಲಿನೊಳಗೆ ಕಣ್ಣು ಮುಚ್ಚಿಕೊಂಡು ಗೂಬೆಯಾಗಿರುವ ಸುಖ ಇತ್ತಲ್ಲ, ಅದನ್ನು ಲಾಂಡ್ರಿಯವರು ಇವತ್ತಿಗೂ ಮರೆತಿಲ್ಲ. ಹೆದರಿಕೆಯಾಗುತ್ತಿದ್ದುದು ಇನ್ನೊಂದಕ್ಕೆ. ಏನಾದರೂ ಘನಂದಾರಿ ತಪ್ಪು ಮಾಡಿದ ದಿನ ಅಮ್ಮ ಸ್ಕೂಲಿನ ಹಾಜರಿಯಲ್ಲಿದ್ದ ಪೂರ್ತಿ ಹೆಸರನ್ನು ಹಿಡಿದು, ಕೊನೆಗೊಂದು ‘ಅವರೇ’ ಸೇರಿಸಿ, ‘ತಾವು ಸ್ವಲ್ಪ ಒಳಗೆ ಬರ್ತೀರಾ’ ಎಂದು ಕರೆಯುತ್ತಿದ್ದಳು. ಆ ಮರ್ಯಾದೆ ಕಿವಿಗೆ ಬಿದ್ದದ್ದೇ ತಡ, ಹುಡುಗ ಇಸ್ತ್ರಿ ಮೇಜಿನ ಕೆಳಗೆ ಸೇರಿಕೊಂಡು ಸಂಜೆಯವರೆಗೆ ಹೊರಗೆ ಬರುತ್ತಿರಲಿಲ್ಲ.

ಲಾಂಡ್ರಿಯವರ ಹೆಂಡತಿ ಬಂದದ್ದು ನಾಜೂಕಿನ ಮನೆಯಿಂದ. ಅತ್ತೆ ಮೊದಮೊದಲು ‘ಬನ್ನಿ, ಕೂತ್ಕೊಳ್ಳಿ, ಆಯಾಸ ಆಯ್ತಾ’ ಎಂದೇ ಮಾತಾಡಿಸುತ್ತಿದ್ದುದರಿಂದ ಇಷ್ಟು ಒಳ್ಳೆಯ ಅತ್ತೆ ಯಾರಿಗೂ ಸಿಗಲಿಕ್ಕಿಲ್ಲ ಎಂದುಕೊಂಡಿದ್ದಳು. ಒಂದು ಬೆಳಗ್ಗೆ ಒಲೆಯ ಮೇಲೆ ಹಾಲು ಉಕ್ಕಿತು. ಅತ್ತೆ, ‘ಕತ್ತೆ, ಎಲ್ಲಿ ನೋಡ್ಕೊಂಡು ನಿಂತಿದ್ಯೇ’ ಎಂದರು. ಸೊಸೆ ಮೂಲೆಗೆ ಹೋಗಿ ಕಣ್ಣೀರು ಹಾಕುತ್ತಿದ್ದರೆ, ಮನೆಯ ಮಿಕ್ಕವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುತ್ತಿದ್ದರು. ಸೊಸೆ ಅವತ್ತು ಮನೆಯವಳಾಗಿದ್ದಳು. ಇದನ್ನು ಅವಳಿಗೆ ಬಿಡಿಸಿ ಹೇಳಬೇಕು ಎಂದು ಯಾರಿಗೂ ಹೊಳೆಯಲಿಲ್ಲ, ಅದೇ ತೊಂದರೆ.

ಈ ಪದ್ಧತಿಗೆ ಒಂದು ಕಟ್ಟುನಿಟ್ಟು ಇತ್ತು. ದೊಡ್ಡವರು ಚಿಕ್ಕವರನ್ನು ಬೈಯಬಹುದು, ಚಿಕ್ಕವರು ದೊಡ್ಡವರನ್ನು ಬೈಯುವ ಹಾಗಿಲ್ಲ. ಅಪ್ಪ ಹೋದರು, ಅಮ್ಮ ಹೋದಳು, ಉಳಿದದ್ದು ಅಕ್ಕ ಒಬ್ಬಳು. ಅಕ್ಕ ದೂರದ ಊರಿನಿಂದ ಭಾನುವಾರ ಭಾನುವಾರ ಅಂಗಡಿಗೆ ಫೋನು ಮಾಡಿ, ‘ಏನೋ ಬೆಪ್ಪೇ, ಇನ್ನೂ ಯಾರ ಪ್ಯಾಂಟೂ ಸುಟ್ಟಿಲ್ವಾ’ ಎಂದು ಶುರುಮಾಡಿದರೆ, ತಲೆ ನರೆತ ಈ ಮನುಷ್ಯ ಕೌಂಟರಿನ ಹಿಂದೆ ನಿಂತು ಹಲ್ಲು ಕಿರಿಯುತ್ತಿದ್ದರು. ಹೋದ ವರ್ಷ ಅಕ್ಕನೂ ತೀರಿಕೊಂಡಳು. ಆಮೇಲೆ ಭಾನುವಾರ ಫೋನು ಬಂದರೆ, ‘ಸಾರ್, ಕೋಟು ಆಯ್ತಾ ಸಾರ್’ ಎನ್ನುವ ಗಿರಾಕಿಗಳೇ. ಗಿರಾಕಿಗಳು ಸಾರ್ ಎನ್ನುತ್ತಿದ್ದರು, ಮಗಳು ಅಪ್ಪ ಎನ್ನುತ್ತಿದ್ದಳು, ಹೆಂಡತಿ ರೀ ಎನ್ನುತ್ತಿದ್ದಳು. ಭೂಮಿಯ ಮೇಲೆ ಲಾಂಡ್ರಿಯವರನ್ನು ಲೋ ಎನ್ನುವವರು ಒಬ್ಬರೂ ಉಳಿದಿರಲಿಲ್ಲ.

ಒಂದು ದಿನ ತಡೆಯಲಾರದೆ ಹೆಂಡತಿಯ ಹತ್ತಿರ, ಒಂದೇ ಒಂದು ಸಲ ನನ್ನನ್ನು ಕತ್ತೆ ಅನ್ನು ಎಂದು ಕೇಳಿಕೊಂಡರು. ಅವಳಿಗೆ ಪಾಪ ಅನ್ನಿಸಿತು. ಗಂಟಲು ಸರಿಮಾಡಿಕೊಂಡು, ‘ರೀ, ಕತ್ತೆಯವರೇ, ಊಟಕ್ಕೆ ಬನ್ನಿ’ ಎಂದಳು. ಲಾಂಡ್ರಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ನಕ್ಕು ಸುಮ್ಮನಾದ ಮೇಲೆ ಎದೆ ಇನ್ನಷ್ಟು ಖಾಲಿ ಎನಿಸಿತು, ಅನ್ನ ಅರ್ಧಕ್ಕೇ ಬಿಟ್ಟು ಎದ್ದರು.

ಇಂಥ ಮನೆಯ ಮಗಳು ಒಬ್ಬ ಲಿಫ್ಟ್ ರಿಪೇರಿಯ ಹುಡುಗನನ್ನು ಮೆಚ್ಚಿದಳು. ಅವಳು ಕೆಲಸ ಮಾಡುತ್ತಿದ್ದ ಔಷಧಿ ಅಂಗಡಿಯ ಕಟ್ಟಡದಲ್ಲಿ ಲಿಫ್ಟು ಎರಡು ಮಹಡಿಗಳ ನಡುವೆ ನಿಂತಾಗ ಅವಳನ್ನು ಕೈಹಿಡಿದು ಹೊರಗೆಳೆದವನು ಅವನೇ. ಎಳೆದ ಮೇಲೆ ಕೈ ಬಿಡುವುದನ್ನು ಮರೆತ, ಅವಳೂ ಜ್ಞಾಪಿಸಲಿಲ್ಲ. ಅವನ ಮನೆಮಾತು ಬೇರೆ. ಆದರೆ ಮನೆಮಂದಿಯೆಲ್ಲ ಕನ್ನಡವನ್ನು ನೀರು ಕುಡಿದ ಹಾಗೆ ಆಡುತ್ತಿದ್ದರು. ತಂದೆಗೆ ಹಡಗಿನಲ್ಲಿ ಕೆಲಸ, ಅವರು ನೆಲದ ಮೇಲೆ ಸಿಗುವುದೇ ಅಪರೂಪ. ಮನೆಯಲ್ಲಿದ್ದವರು ತಾಯಿ ಮತ್ತು ಹುಡುಗನ ಅಜ್ಜಿ.

ಹುಡುಗನ ತಾಯಿ ಮೊದಲ ಸಲ ಫೋನಿನಲ್ಲಿ ಮಾತಾಡಿದಾಗ, ನಮ್ಮ ಕಡೆ ಒರಟು ಮಾತು ಆಡಿ ಅಭ್ಯಾಸವಿಲ್ಲ, ನಿಮ್ಮ ಮನೆ ಹೇಗೋ ಎಂದು ಕೇಳಿದರು. ಲಾಂಡ್ರಿಯವರ ಹೆಂಡತಿಗೆ ತವರಿನ ನಾಜೂಕು ನೆನಪಾಯಿತು. ‘ನಮ್ಮನೆಯವರಾ, ಅವರು ನೊಣಕ್ಕೂ ಬನ್ನಿ ಹೋಗಿ ಅಂತಾರೆ’ ಎಂದುಬಿಟ್ಟಳು. ಮುಂದಿನ ಎಲ್ಲ ಅನಾಹುತಕ್ಕೂ ಈ ನೊಣವೇ ಮೂಲ.

ಗಂಡಿನ ಕಡೆಯವರು ಅಂಗಡಿಯ ಮೇಲಿನ ಮನೆಗೆ ಬರುವ ದಿನ ಹೆಂಡತಿ ಲಾಂಡ್ರಿಯವರಿಗೆ ಪಾಠ ಮಾಡಿದಳು. ಬನ್ನಿ, ಕೂತ್ಕೊಳ್ಳಿ, ಟೀ ತಗೊಳ್ಳಿ, ಇಷ್ಟು ಬಿಟ್ಟು ಬಾಯಿಂದ ಬೇರೇನೂ ಬರಕೂಡದು. ಲಾಂಡ್ರಿಯವರು ಒಪ್ಪಿ, ಗಂಜಿ ಹಾಕಿದ ಷರ್ಟು ತೊಟ್ಟು, ತಾವೂ ಗಂಜಿ ಹಾಕಿದವರಂತೆ ಕುರ್ಚಿಯ ತುದಿಯಲ್ಲಿ ಕೂತರು. ಒಂದು ಗಂಟೆ ನಿರಾತಂಕವಾಗಿ ನಡೆಯಿತು. ಲಾಂಡ್ರಿಯವರು ಅದೇ ಮೂರು ಮಾತನ್ನು ತಿರುಗಿಸಿ ಮುರುಗಿಸಿ ಆಡುತ್ತಿದ್ದುದರಿಂದ ಹುಡುಗನ ತಾಯಿ ಬೇಡ ಬೇಡವೆಂದರೂ ನಾಲ್ಕು ಲೋಟ ಟೀ ಕುಡಿಯಬೇಕಾಯಿತು. ಅಷ್ಟರಲ್ಲಿ ಕೆಳಗಿನ ಅಂಗಡಿಯಲ್ಲಿ ಬುಸ್ ಎಂದು ಸದ್ದಾಯಿತು. ಬಾಯ್ಲರಿನ ಪೈಪು ಬಿಟ್ಟುಕೊಂಡು ಆವಿ ನುಗ್ಗುತ್ತಿತ್ತು. ಎಲ್ಲರಿಗಿಂತ ಮೊದಲು ಮೆಟ್ಟಿಲಿಳಿದು ಓಡಿದವನು ಹುಡುಗ. ಹೊಸ ಷರ್ಟಿನ ತೋಳು ಮಡಚುವುದಕ್ಕೂ ನಿಲ್ಲದೆ, ಕರವಸ್ತ್ರ ಸುತ್ತಿದ ಕೈಯಿಂದ ಸುಡುವ ನಟ್ಟನ್ನು ಹಿಡಿದು ತಿರುಗಿಸತೊಡಗಿದ.

ಹಿಂದೆಯೇ ಓಡಿಬಂದ ಲಾಂಡ್ರಿಯವರ ಎದೆ ತುಂಬಿ ಬಂತು. ಮೂರು ಮಾತಿನ ಪಾಠ ಆವಿಯಾಗಿ ಹೋಯಿತು. ‘ಲೋ ಕತ್ತೆ, ಕೈ ತೆಗಿಯೋ, ಸುಟ್ಕೊಂಡೀಯ’ ಎಂದು ಕೂಗಿದರು. ಪೈಪು ಸುಮ್ಮನಾದ ಮೇಲೆ ಅವನ ಬೆನ್ನು ತಟ್ಟಿ, ‘ಇಂಥ ಕೋತಿ ನಮ್ಮನೇಲಿ ಹುಟ್ಟಬೇಕಿತ್ತು’ ಎಂದೂ ಸೇರಿಸಿದರು. ಅವರ ಮಟ್ಟಿಗೆ ಇದಕ್ಕಿಂತ ದೊಡ್ಡ ಸನ್ಮಾನ ಇನ್ನೊಂದಿಲ್ಲ. ಹಿಂತಿರುಗಿ ನೋಡಿದರೆ ಮೆಟ್ಟಿಲ ಮೇಲೆ ಹುಡುಗನ ತಾಯಿ ಬಿಳಿಚಿಕೊಂಡು ನಿಂತಿದ್ದರು, ಅವರ ಹಿಂದೆ ಕೋಲೂರಿಕೊಂಡು ಅಜ್ಜಿ.

‘ಪೈಪಿಗೆ ಅಂದಿದ್ದು’ ಎಂದಳು ಲಾಂಡ್ರಿಯವರ ಹೆಂಡತಿ, ತಡವರಿಸದೆ. ‘ಅವರು ಪೈಪನ್ನ ಹಾಗೇ ಕರೆಯೋದು.’

ಹುಡುಗನ ತಾಯಿ ಬಹಳ ಹೊತ್ತು ಪೈಪನ್ನೇ ನೋಡಿದರು. ಆಮೇಲೆ ಮೆಲ್ಲಗೆ, ನಮ್ಮ ಮನೆಯಲ್ಲಿ ಪೈಪಿಗೂ ನನ್ನ ಕಣ್ಣೇ ಎನ್ನುತ್ತೇವೆ ಎಂದರು.

ಅದು ಸುಳ್ಳಲ್ಲ ಎಂದು ಲಾಂಡ್ರಿಯವರಿಗೆ ತಿಳಿದದ್ದು ಮುಂದಿನ ವಾರ ಅವರ ಮನೆಗೆ ಹೋದಾಗ. ಎಂಥ ಮನೆ ಅಂತೀರಿ. ಬಾಗಿಲು ತೆರೆದ ಕೂಡಲೇ ಹುಡುಗನ ತಾಯಿ ಲಾಂಡ್ರಿಯವರ ಮಗಳನ್ನು ಅಪ್ಪಿಕೊಂಡು, ಬಾ ನನ್ನ ಬೆಲ್ಲದ ಉಂಡೆ ಎಂದರು. ಮೀಟರು ನೋಡಲು ಬಂದಿದ್ದ ಕರೆಂಟಿನವನಿಗೆ, ‘ನೋಡ್ಕೊಂಡು ಹತ್ತು ನನ್ನ ಜೀವವೇ, ಸ್ಟೂಲು ಅಲ್ಲಾಡುತ್ತೆ’ ಎಂದರು. ಬೆಕ್ಕು ಅವರ ಕಣ್ಣಿನ ಬೆಳಕು, ಮಗ ಅವರ ಲಿವರು. ಅವರ ಭಾಷೆಯಲ್ಲಿ ಹೃದಯಕ್ಕಿಂತ ಲಿವರಿಗೇ ಬೆಲೆಯಂತೆ. ಇಷ್ಟೆಲ್ಲ ಅಂಗಾಂಗಗಳನ್ನು ಊರವರಿಗೆ ಹಂಚಿಬಿಟ್ಟ ಆ ತಾಯಿ ಅಷ್ಟು ಗಟ್ಟಿಮುಟ್ಟಾಗಿ ಓಡಾಡುತ್ತಿದ್ದುದು ಹೇಗೋ ತಿಳಿಯದು. ಕೊನೆಗೆ ಸಕ್ಕರೆ ಡಬ್ಬಿ ಹಿಡಿದು ಲಾಂಡ್ರಿಯವರ ಮುಂದೆ ಬಾಗಿ, ಅಕ್ಕರೆ ತುಂಬಿದ ದನಿಯಲ್ಲಿ, ‘ನನ್ನ ಪ್ರಾಣವೇ, ನಿಮಗೆ ಎಷ್ಟು ಚಮಚ’ ಎಂದು ಕೇಳಿದರು.

ಕುಡಿಯುತ್ತಿದ್ದ ನೀರು ಲಾಂಡ್ರಿಯವರ ಮೂಗಿನಿಂದ ಬಂತು. ಹೆಂಡತಿಯ ಕಡೆ ನೋಡುವ ಧೈರ್ಯವಾಗದೆ ಬೆಕ್ಕಿನ ಕಡೆ ನೋಡಿದರು. ಗಾಬರಿಯಲ್ಲಿ ಮೈಮರೆತು, ಹೊರಡುವಾಗ ಹುಡುಗನ ಭುಜ ಹಿಡಿದು, ‘ಬರ್ತೀನಿ ಕಣೋ ಪಾಪಿ, ಹುಷಾರು’ ಎಂದುಬಿಟ್ಟರು. ಈ ಸಲ ಹತ್ತಿರದಲ್ಲಿ ಪೈಪು ಇರಲಿಲ್ಲ.

ಮನೆಯ ಬೀಗ ತೆಗೆಯುವಾಗ ಹೆಂಡತಿ, ‘ಇಷ್ಟು ವರ್ಷ ಬಟ್ಟೆ ಒಗೆದೆ, ಮಡಚಿದೆ, ನಾನು ಪೀಡೆ. ಮೊನ್ನೆ ಪರಿಚಯ ಆದೋರಿಗೆ ನೀವು ಪ್ರಾಣ’ ಎಂದಳು. ಪೀಡೆ ಎನ್ನುವುದು ಎಂಥ ಒಳ್ಳೆಯ ಮಾತು ಎಂದು ಲಾಂಡ್ರಿಯವರು ವಿವರಿಸಲು ಹೋದರು. ಅಷ್ಟರಲ್ಲಿ ಅಡಿಗೆಮನೆಯ ಬಾಗಿಲು ಹಾಕಿಕೊಂಡಿತು.

ಮಾರನೆಯ ದಿನ ಮಗಳು ಕೆಲಸದಿಂದ ಬಂದಾಗ ಮುಖ ಬಾಡಿತ್ತು. ಹುಡುಗ ಅವಳ ಹತ್ತಿರ, ನಿಮ್ಮಪ್ಪನಿಗೆ ನಾನು ಹಿಡಿಸಲಿಲ್ಲ, ಅಲ್ವಾ ಎಂದು ಕೇಳಿದ್ದ. ಅವನ ತಾಯಿ, ನಮ್ಮ ಮಗನನ್ನು ಪಾಪಿ ಎನ್ನುವ ಮನೆಗೆ ಅವನನ್ನು ಹೇಗೆ ಕಳಿಸಲಿ, ಮನಸ್ಸಿಲ್ಲದಿದ್ದರೆ ಈಗಲೇ ಹೇಳಿಬಿಡಲಿ ಎಂದಿದ್ದರು. ಅದು ನಮ್ಮ ಮನೆಯ ಪ್ರೀತಿ ಎಂದು ಹೇಳಲು ಹೋದ ಮಗಳಿಗೆ, ಹಾಗಾದರೆ ನಿಮ್ಮಮ್ಮ ಪೈಪಿನ ವಿಷಯ ಹೇಳಿದ್ದು ಸುಳ್ಳಾ ಎಂಬ ಪ್ರಶ್ನೆ ಎದುರಾಗಿತ್ತು. ಅಮ್ಮನೂ ಪಟ್ಟು ಬಿಡಲಿಲ್ಲ. ಸಾಯೋವರೆಗೂ ಅದು ಪೈಪೇ ಎಂದಳು.

‘ಅಪ್ಪ, ಮದುವೆ ರಿಜಿಸ್ಟರ್ ಆಗೋವರೆಗೆ ಒಳ್ಳೆ ಮಾತಾಡಿ ಸಾಕು’ ಎಂದು ಮಗಳು ಅಂಗಲಾಚಿದಳು. ‘ಅವರ ಹತ್ರ, ನನ್ನ ಹತ್ರ, ಎಲ್ಲರ ಹತ್ರ. ಇಲ್ಲದಿದ್ರೆ ಈ ಮದುವೆ ಆಗಲ್ಲ.’

ಮಗಳಿಗೋಸ್ಕರ ಲಾಂಡ್ರಿಯವರು ಸುಡುವ ಇಸ್ತ್ರಿಪೆಟ್ಟಿಗೆಯನ್ನೂ ಬರಿಗೈಲಿ ಹಿಡಿದಾರು. ಆದರೆ ಚಿನ್ನ ಎನ್ನುವ ಎರಡಕ್ಷರ ಅವರ ಗಂಟಲಲ್ಲಿ ಮೀನಿನ ಮುಳ್ಳಿನಂತೆ ನಿಲ್ಲುತ್ತಿತ್ತು. ಮೊದಲು ಹ್ಯಾಂಗರಿಗೆ ತೂಗುಹಾಕಿದ ಷರ್ಟುಗಳ ಮೇಲೆ ಅಭ್ಯಾಸ ನಡೆಯಿತು. ಆಮೇಲೆ ಗಿರಾಕಿಗಳ ಮೇಲೆ. ನಿವೃತ್ತ ಹೆಡ್‌ಮಾಸ್ತರರು, ಮೂರು ಬೀದಿಗೆ ಶಿಸ್ತು ಕಲಿಸಿದ ಮನುಷ್ಯ, ಕೋಟು ತೆಗೆದುಕೊಂಡು ಹೋಗಲು ಬಂದಾಗ ಲಾಂಡ್ರಿಯವರು ಕಣ್ಣು ಮುಚ್ಚಿ, ಧೈರ್ಯ ಮಾಡಿ, ‘ಒಂದೇ ನಿಮಿಷ ಕೂತ್ಕೊಳ್ಳಿ ಬಂಗಾರ’ ಎಂದರು.

ಹೆಡ್‌ಮಾಸ್ತರರು ಕೂರಲಿಲ್ಲ. ಕೋಟನ್ನು ಕಿಟಕಿಯ ಬೆಳಕಿಗೆ ಹಿಡಿದು ಇಂಚಿಂಚೂ ತಿರುಗಿಸಿ ನೋಡಿದರು, ಒಳಜೇಬು ಹೊರಗೆಳೆದು ನೋಡಿದರು, ಮೂಸಿಯೂ ನೋಡಿದರು. ಎಲ್ಲಿ ಸುಟ್ಟಿದ್ದೀರಿ, ಸತ್ಯ ಹೇಳಿ, ಇಷ್ಟು ಬೆಣ್ಣೆ ಸುಮ್ಮನೆ ಹಚ್ಚುವವರಲ್ಲ ನೀವು ಎಂದು ಗದರಿಕೊಂಡರು. ಸುಟ್ಟಿಲ್ಲವೆಂದು ಎಷ್ಟು ಹೇಳಿದರೂ ನಂಬದೆ, ಕೋಟು ತೊಟ್ಟು, ಕೈ ಮೇಲೆತ್ತಿ ಕೆಳಗಿಳಿಸಿ ಪರೀಕ್ಷೆ ಮಾಡುತ್ತಲೇ ರಸ್ತೆ ದಾಟಿದರು. ಇದನ್ನೆಲ್ಲ ನೋಡಿದ ಎದುರಂಗಡಿಯ ಟೈಲರನಿಗೆ ಕೈಯಲ್ಲಿದ್ದ ಕೆಲಸ ಸಾಗಲಿಲ್ಲ. ಅವನು ಬಂದು ಲಾಂಡ್ರಿಯವರ ಹಣೆ ಮುಟ್ಟಿ ನೋಡಿದ. ಲಾಂಡ್ರಿಯವರು ಅವನಿಗೂ ‘ಏನಿಲ್ಲ ಚಿನ್ನ’ ಎಂದರು. ಟೈಲರನ ಕಣ್ಣಲ್ಲಿ ನೀರು ಬಂತು. ಮೇಲಿನ ಮನೆಗೆ ಹೋಗಿ ಲಾಂಡ್ರಿಯವರ ಹೆಂಡತಿಗೆ, ಬಾಯ್ಲರಿನ ಆವಿ ತಲೆಗೆ ಹತ್ತಿದೆ, ಒಳ್ಳೆ ಡಾಕ್ಟರಿಗೆ ತೋರಿಸಿ, ಬೇಕಾದರೆ ಅಂಗಡಿ ನಾನು ನೋಡಿಕೊಳ್ಳುತ್ತೇನೆ ಎಂದು ಹೇಳಿ ಬಂದ. ಆ ವಾರ ಬೀದಿಯವರೆಲ್ಲ ಲಾಂಡ್ರಿಯವರನ್ನು ಬಹಳ ಮೆಲುದನಿಯಲ್ಲಿ, ಬಹಳ ಮರ್ಯಾದೆಯಿಂದ ಮಾತಾಡಿಸಿದರು. ಅವರ ಎದೆ ಇನ್ನಷ್ಟು ಕುಗ್ಗಿತು.

ರಿಜಿಸ್ಟ್ರಿಯ ದಿನ ಬಂತು. ಕಚೇರಿಯ ಗೋಡೆಗೆ ಹಸಿರು ಬಣ್ಣ, ಕೂರಲು ಉದ್ದನೆಯ ಬೆಂಚು, ಮೇಜಿನ ಮೇಲೆ ಮೊಹರಿನ ಮಸಿಯ ದಿಂಬು, ದಿಂಬಿನ ಹಿಂದೆ ರಿಜಿಸ್ಟ್ರಾರು. ಅವರು ನಗುವುದನ್ನು ಕಂಡವರಿಲ್ಲ. ಮದುವೆಯ ಕಚೇರಿಯಲ್ಲಿ ನಗುವಂಥದ್ದೇನಿದೆ ಎಂದು ಅವರೇ ಒಮ್ಮೆ ಕೇಳಿದ್ದರಂತೆ. ಗಂಡಿನ ಕಡೆಯವರು ಬಂದ ಕೂಡಲೇ ಲಾಂಡ್ರಿಯವರು ಎದ್ದು ನಿಂತು, ಒಂದೂ ತಪ್ಪಿಲ್ಲದೆ, ‘ಬನ್ನಿ ಚಿನ್ನ, ಇಲ್ಲಿ ಕೂತ್ಕೊಳ್ಳಿ’ ಎಂದು ಹುಡುಗನನ್ನು ಕರೆದರು. ಹುಡುಗನ ತಾಯಿಯ ಮುಖ ಅರಳಿತು. ನಿಮ್ಮ ಬಾಯಿಗೆ ಸಕ್ಕರೆ ಹಾಕ ನನ್ನ ಪ್ರಾಣವೇ ಎಂದು ಹರಸಿದರು. ರಿಜಿಸ್ಟ್ರಾರು ಕನ್ನಡಕದ ಮೇಲಿನಿಂದ ನೋಡಿ, ಯಾರು ಯಾರನ್ನು ಮದುವೆಯಾಗುತ್ತಿದ್ದಾರೆ ಎಂದು ಸ್ಪಷ್ಟವಾಗಿ ತಿಳಿಸಬೇಕು ಎಂದರು. ಅಜ್ಜಿ ಮಾತ್ರ ಬೆಂಚಿನ ಕೊನೆಯಲ್ಲಿ ಕೋಲಿನ ಮೇಲೆ ಗಲ್ಲವಿಟ್ಟುಕೊಂಡು ಲಾಂಡ್ರಿಯವರನ್ನೇ ನೋಡುತ್ತಿದ್ದರು. ಅಷ್ಟು ದಿನದಲ್ಲಿ ಅವರು ಬಾಯಿ ತೆರೆದವರೇ ಅಲ್ಲ.

ಹುಡುಗ ಸಹಿ ಹಾಕಿದ. ಮಗಳ ಸರದಿ ಬಂತು. ಅವಳು ಪೆನ್ನು ಹಿಡಿದು ಬಗ್ಗಿದಾಗ ಜಡೆ ಮುಂದಕ್ಕೆ ಜಾರಿತು, ಚಿಕ್ಕಂದಿನಲ್ಲಿ ಕೌಂಟರಿನ ಮೇಲೆ ಕೂತು ಅಂಗಿಗಳಿಗೆ ಚೀಟಿ ಚುಚ್ಚುವಾಗ ಜಾರುತ್ತಿದ್ದ ಹಾಗೆಯೇ. ಲಾಂಡ್ರಿಯವರ ಎದೆಯಲ್ಲಿ ಏನೋ ಉಕ್ಕಿತು. ಉಕ್ಕಿದ್ದು ಕೋತಿ ಎಂಬ ಮಾತು. ನಾಲಿಗೆಯ ತುದಿಯವರೆಗೆ ಬಂದಿದ್ದ ಅದನ್ನು ಕಷ್ಟಪಟ್ಟು ನುಂಗಿದರು. ನುಂಗಿ, ಮಗಳ ಪೂರ್ತಿ ಹೆಸರನ್ನು ಹಿಡಿದು, ಕೊನೆಗೆ ‘ಅವರೇ’ ಸೇರಿಸಿ, ‘ಸಹಿ ಮಾಡಿ ಬಂಗಾರ’ ಎಂದರು.

ಪೆನ್ನು ಅಲ್ಲೇ ನಿಂತಿತು. ಈ ಪಾಠ ಹೇಳಿಕೊಟ್ಟವಳು ಅವಳೇ. ನಿನ್ನೆ ರಾತ್ರಿ ಮತ್ತೊಮ್ಮೆ ಜ್ಞಾಪಿಸಿದವಳೂ ಅವಳೇ. ಆದರೆ ಬುದ್ಧಿಗೆ ಗೊತ್ತಿದ್ದದ್ದು ಕಿವಿಗೆ ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ಆ ಕಿವಿ ಕಲಿತದ್ದು ಒಂದೇ, ಈ ಮರ್ಯಾದೆ ಬಂದರೆ ಅಪ್ಪ ಕೈಬಿಟ್ಟರು ಎಂದು. ಮದುವೆಯಾಗಿ ಹೊರಟ ದಿನ, ಹೊರಟ ಗಳಿಗೆಯಲ್ಲೇ ಬಂದರೆ ಯಾರು ತಡೆದುಕೊಳ್ಳುತ್ತಾರೆ. ಅವಳು ಪೆನ್ನು ಕೆಳಗಿಟ್ಟು, ಸೆರಗಿಲ್ಲದ ಉಡುಪಾದ್ದರಿಂದ ತೋಳಿನಲ್ಲೇ ಮುಖ ಮುಚ್ಚಿಕೊಂಡು, ಬಿಕ್ಕಿ ಬಿಕ್ಕಿ ಅಳತೊಡಗಿದಳು.

ರಿಜಿಸ್ಟ್ರಾರು ಮಸಿಯ ದಿಂಬಿನ ಮುಚ್ಚಳ ಹಾಕಿದರು. ವಧು ಸಹಿಯ ಹೊತ್ತಿಗೆ ಅತ್ತರೆ ಕೆಲಸ ನಿಲ್ಲಿಸಿ ವಿಚಾರಿಸಬೇಕು ಎಂಬುದು ಅವರ ನಿಯಮ. ಒತ್ತಾಯದ ಮದುವೆಗೆ ತಮ್ಮ ಕಚೇರಿಯಲ್ಲಿ ಜಾಗವಿಲ್ಲ ಎಂದು ಘೋಷಿಸಿ, ಅಳಿಸಿದವರು ಯಾರು ಎಂದು ಕೇಳಿದರು. ಹುಡುಗ ಮುಖ ಕೆಳಗೆ ಹಾಕಿ ಒಂದು ಹೆಜ್ಜೆ ಹಿಂದಕ್ಕೆ ಸರಿದ. ಎಲ್ಲರೂ ಲಾಂಡ್ರಿಯವರನ್ನು ನೋಡಿದರು.

‘ಬಂಗಾರ ಅಂದ್ರೆ ಯಾಕಮ್ಮ ಅಳ್ತೀಯ’ ಎಂದು ರಿಜಿಸ್ಟ್ರಾರು ಕೇಳಿದರು.

‘ನಮ್ಮಪ್ಪ ಯಾವತ್ತೂ ಹಾಗೆ ಕರೆದಿಲ್ಲ ಸಾರ್. ಕೋತಿ ಅಂತಿದ್ರು’ ಎಂದಳು ಮಗಳು ಬಿಕ್ಕಳಿಕೆಯ ನಡುವೆ. ‘ಈಗ ನಾನು ಅವರಿಗೆ ಬೇಡ.’

‘ಇವನನ್ನ ಏನಂತ ಕರೀತಿದ್ರು’ ಎಂದು ರಿಜಿಸ್ಟ್ರಾರು ಹುಡುಗನ ಕಡೆ ಬೆರಳು ತೋರಿಸಿದರು.

‘ಕತ್ತೆ ಸಾರ್’ ಎಂದರು ಲಾಂಡ್ರಿಯವರು. ಇನ್ನು ಮುಚ್ಚಿಡುವುದು ಅವರ ಕೈಲಾಗಲಿಲ್ಲ. ‘ಪಾಪಿ ಅಂತಲೂ ಅಂದಿದೀನಿ. ಪೈಪಿಗಲ್ಲ ಸಾರ್, ಅವನಿಗೇ. ಅವನು ನಂಗೆ ತುಂಬಾ ಇಷ್ಟ.’

ಲಾಂಡ್ರಿಯವರ ಹೆಂಡತಿ ಹಸಿರು ಗೋಡೆಯನ್ನು ತನ್ಮಯಳಾಗಿ ನೋಡತೊಡಗಿದಳು.

‘ಹಾಗಾದ್ರೆ ಒಳ್ಳೆ ಮಾತಲ್ಲಿ ನೀವು ಯಾರನ್ನ ಕರೆಯೋದು?’

‘ನಮಗೆ ಏನೂ ಆಗಬೇಕಾಗಿಲ್ಲದೋರನ್ನ. ಈಗ ನಿಮ್ಮನ್ನ ಸಾರ್ ಅಂತಿಲ್ವಾ ಸಾರ್.’

ಗುಮಾಸ್ತನೊಬ್ಬ ಕೆಮ್ಮಿಕೊಂಡು ಹೊರಗೆ ಹೋದ. ರಿಜಿಸ್ಟ್ರಾರು ಕನ್ನಡಕ ತೆಗೆದು ಒರೆಸಿ, ಇದೆಂಥ ಮನೆ, ಇದೆಂಥ ಪದ್ಧತಿ, ಇದಕ್ಕೆ ಕಾರಣವೇನು ಎಂದು ಕೇಳಿದರು. ಲಾಂಡ್ರಿಯವರು ಹೆಂಡತಿಗೂ ಹೇಳಿರದ ಮಾತನ್ನು ಆ ಹಸಿರು ಗೋಡೆಗಳ ನಡುವೆ ಹೇಳಿದರು. ಲಾಂಡ್ರಿಯವರ ಅಜ್ಜಿಗೆ ಮೊದಲು ಹುಟ್ಟಿದ್ದು ಒಂದು ಗಂಡು. ಅದನ್ನು ಎತ್ತಿಕೊಂಡು ಬೀದಿಯುದ್ದಕ್ಕೂ, ನೋಡಿ ನನ್ನ ಚಿನ್ನ, ನೋಡಿ ನನ್ನ ರಾಜ ಎಂದು ತೋರಿಸಿಕೊಂಡು ಬರುತ್ತಿದ್ದಳು. ಒಂದು ಜ್ವರ ಬಂತು, ಮಗು ಉಳಿಯಲಿಲ್ಲ. ಆಮೇಲೆ ಹುಟ್ಟಿದ ಮಗುವನ್ನು ಅಜ್ಜಿ ಮಡಿಲಿಗೆ ಹಾಕಿಕೊಂಡಾಗ ಬಾಗಿಲಾಚೆಗೂ ಕೇಳುವ ಹಾಗೆ, ಇದೊಂದು ಹಾಳು ಪೊರಕೆ, ಯಾರಿಗೆ ಬೇಕು ಇದು ಎಂದಳು. ಸಾವು ಬಾಗಿಲಲ್ಲಿ ನಿಂತು ಕೇಳಿಸಿಕೊಂಡರೂ ಬೇಡವೆಂದು ಮುಂದಕ್ಕೆ ಹೋಗಲಿ ಎಂದು. ಆ ಮಗು ಉಳಿಯಿತು. ಆ ಪೊರಕೆಯೇ ಲಾಂಡ್ರಿಯವರ ಅಪ್ಪ.

‘ನಾವು ಯಾರನ್ನ ಕಳ್ಕೋಬಾರ್ದು ಅಂತೀವೋ ಅವರನ್ನ ಬೈತೀವಿ ಸಾರ್’ ಎಂದರು. ‘ನನ್ನನ್ನೂ ಬೈತಿದ್ರು, ಅಮ್ಮ, ಅಕ್ಕ, ಎಲ್ಲ. ಈಗ ಯಾರೂ ಇಲ್ಲ. ಎಲ್ಲರೂ ಸಾರ್ ಅಂತಾರೆ, ರೀ ಅಂತಾರೆ, ಪ್ರಾಣ ಅಂತಾರೆ. ಇಷ್ಟೊಂದು ಮರ್ಯಾದೆ ಇಟ್ಕೊಂಡು ನಾನೇನು ಮಾಡ್ಲಿ?’

ಹುಡುಗನ ತಾಯಿ ಏನೋ ಹೇಳಲು ಬಾಯಿ ತೆರೆದರು. ತಮ್ಮಲ್ಲಿದ್ದ ಸಿಹಿ ಮಾತಿನಲ್ಲಿ ಯಾವುದೂ ಈ ಮನುಷ್ಯನಿಗೆ ಹೊಂದುವುದಿಲ್ಲ ಎಂದು ತಿಳಿದು ಸುಮ್ಮನಾದರು.

ಆಗ ಬೆಂಚಿನ ಕೊನೆಯಲ್ಲಿ ಕೋಲು ಟಕ್ ಎಂದಿತು. ಅಜ್ಜಿ ಎದ್ದರು. ಎಳೆದುಕೊಂಡು ಎಳೆದುಕೊಂಡು ಬಂದು ಲಾಂಡ್ರಿಯವರ ಎದುರು ನಿಂತು, ಅವರ ಮುಖವನ್ನು ಕತ್ತೆತ್ತಿ ನೋಡಿದರು. ಅವರೋ ಕರೆಂಟಿನವನನ್ನೂ ಜೀವ ಎನ್ನುವ ಮನೆಯ ಯಜಮಾನಿತಿ. ಹಲ್ಲು ಉದುರಿ ಮುಗಿಯುವವರೆಗೆ ಒಬ್ಬರನ್ನೂ ಬೈದು ಗೊತ್ತಿಲ್ಲ. ಬೈಯಬೇಕೆಂದು ಎದ್ದಿದ್ದೇನೋ ಸರಿ, ಬೈಯಲು ಮಾತು ಬೇಕಲ್ಲ. ತುಟಿ ಅಲ್ಲಾಡಿತು, ಏನೂ ಬರಲಿಲ್ಲ. ಸೊಸೆಯ ಕಡೆ ನೋಡಿದರು, ಅವಳ ಹತ್ತಿರವೂ ದಾಸ್ತಾನಿಲ್ಲ. ಕಣ್ಣು ಮುಚ್ಚಿಕೊಂಡು ತಮ್ಮ ಇಡೀ ಆಯುಷ್ಯವನ್ನೆಲ್ಲ ತಡಕಾಡಿ, ತಮಗೆ ಗೊತ್ತಿದ್ದ ಕೆಟ್ಟದ್ದರಲ್ಲೆಲ್ಲ ಕೆಟ್ಟದ್ದನ್ನು ಹೆಕ್ಕಿ ತೆಗೆದರು.

‘ಲೋ,’ ಎಂದರು ಅಜ್ಜಿ. ‘ಲೋ ಉಪ್ಪಿಲ್ಲದ ಆಲೂಗಡ್ಡೆ. ಮಗು ಅಳ್ತಿದ್ರೆ ಕಂಬದ ಹಾಗೆ ನಿಂತಿದೀಯಲ್ಲೋ. ಸರಿಯಾಗಿ ಕರಿಯೋ ಅದನ್ನ.’

ಹುಡುಗನ ತಾಯಿ ‘ಅತ್ತೆ’ ಎಂದು ಚೀರಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಲಾಂಡ್ರಿಯವರಿಗೆ ಅದು ಕೇಳಿಸಲಿಲ್ಲ. ಎರಡೂ ಕೈಯಿಂದ ಮೇಜು ಹಿಡಿದುಕೊಂಡರು. ‘ಹೂಂ ಅಮ್ಮ’ ಎಂದರು, ಬಯ್ಯಿಸಿಕೊಂಡ ಮಕ್ಕಳು ಹೇಳುವ ಹಾಗೆ. ಮಗಳ ಕಡೆ ತಿರುಗಿದರು.

‘ಹಾಕೇ ಕೋತಿ, ಸಹಿ. ಪಾಪ ಆ ಕತ್ತೆ ಎಷ್ಟು ಹೊತ್ತು ನಿಲ್ಲುತ್ತೆ?’

ಮಗಳು ಅಳುತ್ತಲೇ ನಕ್ಕಳು, ನಗುತ್ತಲೇ ಸಹಿ ಹಾಕಿದಳು. ಕತ್ತೆಯೂ ಕಿವಿಯವರೆಗೆ ನಗುತ್ತ ಮುಂದೆ ಬಂದು ಅವಳ ಪಕ್ಕ ನಿಂತಿತು. ರಿಜಿಸ್ಟ್ರಾರು ದಿಂಬಿನ ಮುಚ್ಚಳ ಮತ್ತೆ ತೆಗೆದು, ಇನ್ನು ವಧುವಿನ ತಂದೆ ಸಾಕ್ಷಿಯ ಸಹಿ ಹಾಕಬೇಕು ಎಂದರು. ಲಾಂಡ್ರಿಯವರು ಪೆನ್ನು ಹಿಡಿದು ಬಗ್ಗಿದರು. ಗೆರೆ ಎಲ್ಲಿದೆ ಎಂದು ಕಾಣಿಸಲಿಲ್ಲ. ಅಂಗೈಯಿಂದ ಕಣ್ಣೊರೆಸಿಕೊಂಡರು, ಆಗಲೂ ಕಾಣಿಸಲಿಲ್ಲ, ಹನಿ ಕಾಗದದ ಮೇಲೆಯೇ ಬಿತ್ತು.

ರಿಜಿಸ್ಟ್ರಾರು ತಲೆಯ ಮೇಲೆ ಕೈ ಇಟ್ಟುಕೊಂಡರು. ‘ಈಗ ಇವರು ಯಾಕೆ ಅಳ್ತಿದಾರೆ?’

ಗೋಡೆ ನೋಡುತ್ತಿದ್ದ ಹೆಂಡತಿ ಈ ಕಡೆ ತಿರುಗಿದಳು.

‘ಬೈಯೋರು ಸಿಕ್ಕಿದ್ರು ಸಾರ್,’ ಎಂದಳು, ‘ಅದಕ್ಕೆ.’